ಇಂದಿನ ಧಮ್ಮ ಚಿಂತನೆ: ಸ್ಪರ್ಶ



ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು. ಭಗವಾನ್ ಬುದ್ಧರು ತಿಳಿಸಿದ ಈ ಆರು ಬಾಗಿಲುಗಳಲ್ಲಿ ಮೊದಲೆರಡೂ ಮುಚ್ಚಿದರೆ ಮಾತು ಎಲ್ಲಿಂದ ಒಳಬರಬೇಕು?

ಜಪಾನಿನ ಸತೋಶಿ ಫುಕುಶಿಮಾ 9ನೇ ವಯಸ್ಸಿಗೆ ದೃಷ್ಟಿ, 18ಕ್ಕೆ ಶ್ರವಣ ಕಳೆದುಕೊಂಡರು. ಕತ್ತಲೆಗಿಂತ, ಮೌನಕ್ಕಿಂತ, ಯಾರೊಡನೆಯೂ ಮಾತಿಲ್ಲದ್ದೇ ಅವರನ್ನು ಹಿಂಡಿತು. 1981ರಲ್ಲಿ ಒಂದು ದಿನ ಅಡುಗೆಮನೆಯಲ್ಲಿ ತಾಯಿ ರೇಕೊ, ಮಗನ ಬೆರಳುಗಳನ್ನೇ ಬ್ರೈಲ್ ಯಂತ್ರದ ಕೀಲಿಗಳೆಂದುಕೊಂಡು ತಟ್ಟಿ, ಅರ್ಥವಾಯಿತೇ ಎಂದು ಕೇಳಿದರು. ಆಯಿತು! ಬ್ರೈಲಿಗೆ ಆರು ಚುಕ್ಕಿ. ಎರಡು ಕೈಗಳ ತೋರುಬೆರಳು, ನಡುಬೆರಳು, ಉಂಗುರಬೆರಳು ಸೇರಿದರೂ ಆರು. ಅಷ್ಟೇ ಲೆಕ್ಕ. ಆ ಮಗ ಮುಂದೆ ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಇದನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ನನಗೆ ನಮ್ಮಜ್ಜಿಯ ಬೊಗಸೆ ನೆನಪಾಯಿತು. ಊರವರು ಅದಕ್ಕೆ ಮೇಲಿನಿಂದ ನೀರು ಸುರಿಯುತ್ತಿದ್ದರು, ತಾಗದ ಹಾಗೆ. ಅವರಿಗೆಲ್ಲ ಕಣ್ಣೂ ಚೆನ್ನಾಗಿತ್ತು, ಕಿವಿಯೂ ಚೆನ್ನಾಗಿತ್ತು. ಮುಚ್ಚಿದ್ದು ಮೈಯ ಬಾಗಿಲು. ಮುಚ್ಚಿದ್ದು ಯಾವ ಕಾಯಿಲೆಯೂ ಅಲ್ಲ.

ಭಾನುವಾರ ವಿಹಾರಕ್ಕೆ ಬಂದಾಗ ಕಣ್ಣು ಮುಚ್ಚಿ ಕುಳಿತ ಪಕ್ಕದವರ ಅಂಗೈ ಮೇಲೆ ನಿಮ್ಮ ಹೆಸರನ್ನು ಬೆರಳಿನಿಂದ ಬರೆದು ನೋಡಿ. ಒತ್ತಕ್ಷರ ಬಂದಲ್ಲಿ ಸ್ವಲ್ಪ ನಿಧಾನಿಸಿ.