ಸೆರೆಕೋಣೆಯ ಪರದೆ ಮತ್ತು ಪಶ್ಚಾತ್ತಾಪ

ತಪ್ಪು ಮಾಡಿದವರು ಬದಲಾಗಬಲ್ಲರೆಂದು ನಂಬುವುದಾದರೆ, ಬದಲಾಗಲು ಬೇಕಾದ ಸಾಧನವನ್ನು ಅವರಿಂದ ಕಿತ್ತುಕೊಳ್ಳುವ ಹಕ್ಕು ನಮಗುಂಟೇ? ಫಿನ್‌ಲ್ಯಾಂಡಿನ ಹಾಮೆನ್ಲಿನ್ನಾ ಮಹಿಳಾ ಕಾರಾಗೃಹದಲ್ಲಿ ಕೈದಿಗಳ ಕೋಣೆಗಳಲ್ಲೇ ಕಂಪ್ಯೂಟರ್ ಇದೆ. ಅದರಲ್ಲಿ ಅವರು ಓದುತ್ತಾರೆ, ಸಿಬ್ಬಂದಿಗೆ ಬರೆಯುತ್ತಾರೆ, ಮನೆಯವರೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡುತ್ತಾರೆ. ಅನುಮತಿಯಿರುವ ಜಾಲತಾಣಗಳಷ್ಟೇ ತೆರೆಯುತ್ತವೆ. ಸೆರೆವಾಸದ ಶಿಕ್ಷೆಯೆಂದರೆ ಸ್ವಾತಂತ್ರ್ಯದ ನಷ್ಟ ಮಾತ್ರ ಎಂಬುದು ಆ ದೇಶದ ಕಾನೂನಿನ ನಿಲುವು. ಇದು ಅಪರಾಧಿಗೆ ಸುಖವಾಯಿತು, ನೊಂದವರ ಗತಿಯೇನು ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಕೈದಿ ಏನನ್ನೂ ಕಲಿಯದೆ ಉಳಿದರೆ ನೊಂದವರಿಗೆ ದಕ್ಕುವುದಾದರೂ ಏನು? ಅಮೆರಿಕದ ರ‍್ಯಾಂಡ್ ಸಂಸ್ಥೆ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಸೆರೆಯಲ್ಲಿ ಶಿಕ್ಷಣ ಪಡೆದವರು ಮತ್ತೆ ಅಪರಾಧಕ್ಕೆ ಮರಳುವುದು ಕಡಿಮೆಯೆಂದು ಕಂಡುಬಂತು. ಕಲಿಯಲು ಮುಂದಾದವರೇ ಬದಲಾಗಬಯಸಿದವರು ಎನ್ನಬಹುದು. ಆ ಬಯಕೆಗೂ ದಾರಿ ಬೇಕಲ್ಲ!

ಪಶ್ಚಾತ್ತಾಪ ಯಂತ್ರದಿಂದ ಹುಟ್ಟದು ಎಂಬುದು ಇನ್ನೂ ಆಳದ ಆಕ್ಷೇಪ. ಅದು ನಿಜ. ನರಹಂತಕ ಅಂಗುಲಿಮಾಲನ ಕಥೆಯಲ್ಲಿ ಅವನೆದುರು ಬುದ್ಧನೇ ಬರಬೇಕಾಯಿತು. ಭಿಕ್ಷುವಾದ ಮೇಲೂ ಅವನು ಜನರ ಕಲ್ಲೇಟು ತಾಳಿಕೊಂಡ. ಕಂಪ್ಯೂಟರ್ ಪರದೆ ಇದಾವುದನ್ನೂ ಮಾಡಲಾರದು. ಹೊರಗಿನ ಲೋಕದೊಡನೆ ಕೈದಿಯ ನಂಟು ಕಡಿಯದಂತೆ ಅದು ಕಾಯಬಲ್ಲದು, ಅಷ್ಟೇ. ಹಾಗೆಂದೇ, ಖರ್ಚು ಉಳಿಸಲು ಮಕ್ಕಳ ಭೇಟಿಯನ್ನೋ ಶಿಕ್ಷಕರನ್ನೋ ತೆಗೆದು ಅಲ್ಲಿ ಕಂಪ್ಯೂಟರ್ ಇಡುವ ಯಾವ ಯೋಜನೆಯನ್ನೂ ನಾನು ಸುಧಾರಣೆಯೆಂದು ಒಪ್ಪಲಾರೆ.