ಮೂಲೆಯಲ್ಲಿ ಕೂತ ಕಣ್ಣು

ನಾನು ಕಂಪ್ಯೂಟರ್ ಕಲಿತದ್ದು 1990ರ ದಶಕದ ಶುರುವಿನಲ್ಲಿ. ಯಳವತ್ತಿಯಿಂದ ಬಸ್ ಹಿಡಿದು ಗದಗಿನ ಕ್ಲಾಸಿಗೆ ಹೋಗಿ ಬರ್ತಿದ್ದೆ. ಗದಗ ಆಗಿನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು. ಅಲ್ಲಿದ್ದದ್ದು ಡಾಸ್ ಮೇಲೆ ನಡೆಯುವ ಹಳೇ ಯಂತ್ರಗಳು. ಅವುಗಳ 8088 ಪ್ರೊಸೆಸರಿಗೆ ಒಟ್ಟು 1 ಎಂಬಿ ಮೆಮೊರಿಯಷ್ಟೇ ಕಾಣೋದು. ಅದರಲ್ಲೂ ಮೇಲಿನ 384 ಕೆಬಿ ಪರದೆಗೆ, ಯಂತ್ರದ ಸ್ವಂತ ಕೆಲಸಕ್ಕೆ ಮೀಸಲು. ಉಳಿದ 640 ಕೆಬಿಯೊಳಗೆ ಡಾಸೂ ಇರಬೇಕು, ನಮ್ಮ ಪ್ರೋಗ್ರಾಮೂ ಇರಬೇಕು. ಇವತ್ತು ಫೋನಿನಲ್ಲಿ ತೆಗೆಯುವ ಒಂದು ಫೋಟೊ ಅದರಲ್ಲಿ ಹಿಡಿಸಲಿಕ್ಕಿಲ್ಲ.

ಡಾಸ್ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ನಡೆಸೋದು. ಮುಗಿದ ಮೇಲೆ ಅದು ಜಾಗ ಖಾಲಿ ಮಾಡಿ ಹೋಗ್ತಿತ್ತು. ಕೆಲವು ಮಾತ್ರ ಹೋಗ್ತಿರಲಿಲ್ಲ. 'ನನ್ನ ಕೆಲಸ ಆಯ್ತು, ಆದರೆ ಇಲ್ಲೇ ಇರ್ತೀನಿ' ಅಂತ ಡಾಸಿಗೆ ಹೇಳಿ ಮೆಮೊರಿಯಲ್ಲೇ ಉಳಿಯೋವು. ಟಿಎಸ್‌ಆರ್ ಅಂತ ಅವಕ್ಕೆ ಹೆಸರು. ಬೋರ್ಲ್ಯಾಂಡ್ ಕಂಪನಿ 1984ರಲ್ಲಿ ತಂದ ಸೈಡ್‌ಕಿಕ್ ಇವುಗಳಲ್ಲಿ ಹೆಸರುವಾಸಿ. ಬೇರೆ ಕೆಲಸದ ನಡುವೆ ಕೀ ಒತ್ತಿದರೆ ಸಾಕು, ಕ್ಯಾಲ್ಕುಲೇಟರ್ ಎದುರಿಗೆ ಬರೋದು.

ಇದೇ ಜಾತಿಯಲ್ಲಿ ಮೆಮೊರಿ ತೋರಿಸುವವೂ ಇದ್ದವು. ಯಂತ್ರದ ಗಡಿಯಾರ ಸೆಕೆಂಡಿಗೆ ಸುಮಾರು 18 ಸಲ ಮಿಡಿಯುತ್ತಿತ್ತು. ಆ ಮಿಡಿತಕ್ಕೆ ಗಂಟುಬಿದ್ದು, ಎಷ್ಟು ಜಾಗ ಉಳಿದಿದೆ ಅಂತ ಪರದೆಯ ಮೂಲೆಯಲ್ಲಿ ಅಂಕಿ ತೋರಿಸೋವು. ನನಗೆ ಆ ಅಂಕಿ ನೋಡೋದೇ ಒಂದು ಸಮಾಧಾನ. ಒಂದಿನ ದೊಡ್ಡ ಪ್ರೋಗ್ರಾಂ ಒಂದು ಏಳಲೇ ಇಲ್ಲ. ಜಾಗ ಸಾಲದು ಅಂತು. ಕೊರತೆ ಇದ್ದದ್ದು ನಾಲ್ಕೈದು ಕೆಬಿ. ಮೂಲೆಯ ಅಂಕಿಯನ್ನು ತೆಗೆದು ಹಾಕಿದೆ, ಎದ್ದಿತು! ಜಾಗ ಎಷ್ಟಿದೆ ಅಂತ ನೋಡುವವನೇ ಆ ಜಾಗ ತಿಂದು ಕೂತಿದ್ದ. ಅವತ್ತು ನಕ್ಕು ಬಿಟ್ಟಿದ್ದೆ.

ಮತ್ತೆ ಅದು ನೆನಪಾದದ್ದು ಹೋದ ವರ್ಷ. ಊರಲ್ಲಿ ಅವ್ವ ಒಬ್ಬಳೇ ಇರ್ತಾಳೆ, ನಾನು ಬೆಂಗಳೂರಲ್ಲಿ. ಅವಳು ಬಿದ್ದುಗಿದ್ದಾಳು ಅಂತ ಪಡಸಾಲೆಯ ಮೂಲೆಗೆ ಕ್ಯಾಮೆರಾ ಹಾಕಿಸಿದೆ. ಫೋನ್ ತೆಗೆದರೆ ಪಡಸಾಲೆ ಖಾಲಿ, ಎಲ್ಲ ಶಾಂತ. ಸುಖವಾಗಿದ್ದಾಳೆ ಅಂತ ತಿಳಿದಿದ್ದೆ. ದೀಪಾವಳಿಗೆ ಹೋದಾಗ ಕೇಳಿದೆ, ಯಾಕವಾ, ಮಧ್ಯಾಹ್ನ ಯಾರೂ ಕಾಣೂದಿಲ್ಲಲಾ?

“ನೀ ನೋಡ್ತಿ ಅಂತ ಗೊತ್ತಾದ ಮ್ಯಾಲೆ ಓಣ್ಯಾಗಿನ ಹೆಣಮಕ್ಳು ಇಲ್ಲಿ ಕುಂದ್ರಾಕ ಒಲ್ಲೆ ಅಂತಾರಪಾ” ಅಂದಳು.

ಬಿದ್ದರೆ ಗೊತ್ತಾಗಬೇಕಲ್ಲ ಅಂತ ನಾನು ವಾದ ಮಾಡಿದೆ.

“ಬಿದ್ದರ ಎತ್ತಾವ್ರು ಅವರ. ಅವರ ಬರೂದು ಬಿಟ್ಟರ, ನೀ ಅಲ್ಲಿ ಕುಂತು ನೋಡಿ ಏನ್ ಮಾಡ್ತಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಪ್ರೀತಿಯಿಂದ ನೋಡಿದರೆ ಆ ನೋಟಕ್ಕೆ ಭಾರ ಇರೋದಿಲ್ಲ ಅಂತ ನಾವು ನಂಬಿದ್ದೇವೆ. ಆ ಪ್ರೋಗ್ರಾಮಿಗೂ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಆದರೂ ಜಾಗ ಬೇಕಿತ್ತು. ನೋಡುವವನ ಸಮಾಧಾನಕ್ಕೆ ಖರ್ಚಾಗೋದು ಎದುರಿಗಿದ್ದವರ ಜಾಗ. ಕಾಯೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ರಾತ್ರಿಯೆಲ್ಲ ಕೂರಲೇಬೇಕಾಗ್ತದೆ. ಆದರೆ ಲೆಕ್ಕ ಹಿಡಿಯುವಾಗ ನಾನು ಕೂತ ಜಾಗವನ್ನೂ ಬರೆದುಕೊಳ್ಳಬೇಕು, ಮತ್ತು ಆ ಜಾಗ ಯಾರದೋ ಅವರನ್ನು ಕೇಳಬೇಕು. ಅವ್ವನನ್ನು ನಾನು ಕೇಳಿರಲಿಲ್ಲ. ಹಾಕಿಸಿದ ಮೇಲೆ ಹೇಳಿದ್ದೆ, ಅಷ್ಟೇ.

ಡಾಸಿನಲ್ಲಿ ಮೆಮ್ ಅಂತ ಒಂದು ಕಮಾಂಡೂ ಇತ್ತು. ಕರೆದಾಗ ಬಂದು, ಎಷ್ಟಿದೆ ಅಂತ ಹೇಳಿ, ಎದ್ದು ಹೋಗೋದು. ಎಣಿಸುವಷ್ಟು ಹೊತ್ತು ಅದಕ್ಕೂ ಜಾಗ ಬೇಕು, ಆದರೆ ಅಷ್ಟೇ ಹೊತ್ತು. ನಾನೀಗ ಕ್ಯಾಮೆರಾ ತೆಗೆಸಿದ್ದೇನೆ. ದಿನಾ ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡ್ತೀನಿ. ಒಮ್ಮೊಮ್ಮೆ “ಮಂದಿ ಬಂದಾರ, ಆಮ್ಯಾಲೆ ಹಚ್ಚು” ಅಂತ ಇಟ್ಟೇ ಬಿಡ್ತಾಳೆ.

ರಾತ್ರಿ ಎಚ್ಚರ ಆದಾಗ ಅಂಜಿಕೆ ಆಗ್ತದೆ, ಇಲ್ಲ ಅನ್ನೋದಿಲ್ಲ. ಆ ಅಂಜಿಕೆಗೆ ಜಾಗ ಕೊಡಬೇಕಾದವನು ನಾನು, ಅವ್ವ ಅಲ್ಲ.