ಅಭಯವಿಲ್ಲದ ಅಲಂಕಾರ

ಬಲಿಪಾಡ್ಯಮಿ ಹತ್ತಿರವಾದಂತೆ ಶಿಕಾರಿಪುರ, ಸೊರಬದ ಕೊಟ್ಟಿಗೆಗಳಲ್ಲಿ ಮಕ್ಕಳಿಗೂ ಕೈತುಂಬ ಕೆಲಸ. ದನಗಳ ಮೈ ತಿಕ್ಕಬೇಕು, ಕೊಂಬಿಗೆ ಬಣ್ಣ ಬಳಿಯಬೇಕು, ಚೆಂಡುಹೂವಿನ ಹಾರ ಕಟ್ಟಬೇಕು. ಹೋರಿ ಬೆದರಿಸುವ ಹಬ್ಬದಲ್ಲಿ ಜನರ ನಡುವೆ ಓಡುವ ಹೋರಿಯಿದ್ದರೆ ಕೊಬ್ಬರಿ ಹಾರ, ಬಲೂನುಗಳ ಸಿದ್ಧತೆ ಬೇರೆ. ಕೂದಲು ಕತ್ತರಿಸುವ ಮೆಷಿನ್ ಸುಲಭವಾಗಿ ಸಿಗುವ ಈ ಕಾಲದಲ್ಲಿ, ದನದ ಆರೈಕೆಯನ್ನು ಈಗಷ್ಟೇ ಕಲಿಯುತ್ತಿರುವ ಮಗುವಿನ ಕೈಗೆ ಯಾವ ಸಾಧನ ಕೊಡಬೇಕು ಎಂದು ಹಿರಿಯರು ಯೋಚಿಸುವುದು ಸಹಜ. ಬೆಲೆ, ಬ್ಯಾಟರಿ, ಬ್ಲೇಡು ನೋಡಿ ತೀರ್ಮಾನಿಸುವ ಸಂಗತಿ ಇದೆಂದು ಮೇಲುನೋಟಕ್ಕೆ ಕಾಣುತ್ತದೆ. ನನಗೆ ಇದು ಧರ್ಮದ ಪ್ರಶ್ನೆ. ಪೂಜೆಗೆಂದು ಸಿಂಗರಿಸುವ ಹಸು ಆ ಸಿಂಗಾರಕ್ಕೇ ಬೆದರಿ ನಡುಗಿದರೆ, ನಾವು ಮಾಡಿದ್ದನ್ನು ಪೂಜೆ ಎಂದು ಕರೆಯಬಹುದೇ?

ಉತ್ತರಕ್ಕೆ ದೂರ ಹೋಗಬೇಕಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಹನ್ನೆರಡನೆಯ ಶತಮಾನದಲ್ಲಿ ದೊಡ್ಡ ವಿದ್ಯಾಕೇಂದ್ರವಾಗಿತ್ತು. 1162ರ ಶಾಸನ ಅದನ್ನು ವರ್ಣಿಸುವಾಗ ಅಲ್ಲಿ ನಡೆಯುತ್ತಿದ್ದ ಶಾಸ್ತ್ರಪಾಠಗಳನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧ, ಸಕಲ ಜೀವಿಗಳಿಗೆ ಅಭಯ ಸಿಗುವ ತಾಣವೆಂದೂ ಹೇಳುತ್ತದೆ. ಓದು, ಅನ್ನ, ಔಷಧಗಳ ಸಾಲಿನಲ್ಲೇ ಅಭಯವೂ ನಿಂತಿರುವುದನ್ನು ಗಮನಿಸಬೇಕು. ಒಂದು ಧಾರ್ಮಿಕ ಸಂಸ್ಥೆಯ ಹಿರಿಮೆಯನ್ನು ಅಳೆಯುವಾಗ, ಅದರ ಅಂಗಳದಲ್ಲಿ ಮೂಕಪ್ರಾಣಿಯೂ ಹೆದರದೆ ಇರಬಲ್ಲದೇ ಎಂಬುದನ್ನು ಈ ನೆಲ ಲೆಕ್ಕಕ್ಕೆ ಹಿಡಿದಿತ್ತು. ಅದೇ ಅಳತೆಯನ್ನು ಮನೆಯ ಕೊಟ್ಟಿಗೆಗೆ ತಂದರೆ, ಎಳೆಯ ಕೈಗೆ ಕೊಡುವ ಸಾಧನವನ್ನು ಆರಿಸಬೇಕಾದದ್ದು ದನ ಅದನ್ನು ಹೇಗೆ ಸಹಿಸುತ್ತದೆ ಎಂಬುದನ್ನು ನೋಡಿ.

ದನದ ದೇಹವೂ ಇದಕ್ಕೆ ಸಾಕ್ಷಿ. ಮನುಷ್ಯರ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಹಿಡಿದರೆ ದನದ ಕಿವಿ ಸುಮಾರು 35,000 ಹರ್ಟ್ಸ್‌ವರೆಗೆ ಕೇಳಿಸಿಕೊಳ್ಳುತ್ತದೆ. ನಮಗೆ ಸಣ್ಣ ಗುಂಯ್‌ಗುಡುವಿಕೆಯಾಗಿ ಕೇಳುವ ಮೆಷಿನ್‌ನ ಸದ್ದು ಅದಕ್ಕೆ ಅಷ್ಟೇ ಆಗಿರಬೇಕೆಂದಿಲ್ಲ. ಕಣ್ಣುಗಳು ಇಕ್ಕೆಲದಲ್ಲಿರುವುದರಿಂದ ಸುತ್ತಲಿನ ಬಹುಪಾಲು ಕಂಡರೂ ನೇರ ಹಿಂದೆ ನಿಂತವರು ಕಾಣುವುದಿಲ್ಲ; ಅಲ್ಲಿಂದ ತಟ್ಟನೆ ಮುಟ್ಟಿದರೆ ಒದೆಯುತ್ತದೆ. ದನಗಳು ಒಂದನ್ನೊಂದು ನೆಕ್ಕುವ ಕುತ್ತಿಗೆ, ಭುಜದ ಭಾಗವನ್ನು ನಿಧಾನವಾಗಿ ಸವರಿದರೆ ಕತ್ತು ಚಾಚಿ, ಕಿವಿ ಇಳಿಬಿಟ್ಟು ನಿಲ್ಲುತ್ತವೆ, ಎದೆಬಡಿತವೂ ತಗ್ಗುತ್ತದೆ. ಆದ್ದರಿಂದ ಮಗುವಿನ ಮೊದಲ ಸಾಧನ ಬರಿಗೈ, ಆಮೇಲೆ ತೆಂಗಿನ ನಾರು ಅಥವಾ ಮೆತ್ತನೆಯ ಬ್ರಶ್. ಗಂಗೆದೊಗಲು ಸವರುತ್ತ, ಉಣುಗು ಹುಡುಕುತ್ತ, ಯಾವಾಗ ಕಿವಿ ನಿಮಿರಿತು, ಯಾವಾಗ ಚರ್ಮ ನಡುಗಿತು ಎಂದು ಮಗು ಓದಲು ಕಲಿಯುವುದು ಹೀಗೆ. ಮೆಷಿನ್‌ನ ಸದ್ದಿನಲ್ಲಿ ಈ ಸೂಕ್ಷ್ಮಗಳು ಕಣ್ತಪ್ಪುತ್ತವೆ.

ಮೆಷಿನ್ ಬೇಡವೇ ಬೇಡ ಎನ್ನುವುದು ನನ್ನ ವಾದವಲ್ಲ. ಕರೆಯುವ ಹಸುವಿನ ಕೆಚ್ಚಲ ಕೂದಲು ಸಗಣಿ ಹಿಡಿದಿಟ್ಟುಕೊಳ್ಳುತ್ತದೆ, ಹೇನು ಬಿದ್ದ ಎಮ್ಮೆಯ ಮೈ ಬೋಳಿಸಬೇಕಾಗುತ್ತದೆ. ಹರಿತವಾದ ಮೆಷಿನ್ ಕತ್ತರಿಯ ಮೊನೆಗಿಂತ ಸುರಕ್ಷಿತ, ಕೆಲಸ ಬೇಗ ಮುಗಿಯುವುದರಿಂದ ದನಕ್ಕೂ ಹಿಂಸೆ ಕಡಿಮೆ ಎಂಬ ಆಕ್ಷೇಪದಲ್ಲಿ ನಿಜವಿದೆ. ಆದರೆ ಮಲೆನಾಡು ಗಿಡ್ಡಕ್ಕಾಗಲಿ ಹಳ್ಳಿಕಾರ್ ಹೋರಿಗಾಗಲಿ ಮೈಕೂದಲು ಗಿಡ್ಡ. ಅಂದಕ್ಕಾಗಿ ಕತ್ತರಿಸುವಂಥದ್ದು ಅಲ್ಲಿ ಹೆಚ್ಚೇನೂ ಇಲ್ಲ. ಬಾಲದ ಕುಚ್ಚಂತೂ ನೊಣ ಓಡಿಸಲು ಬೇಕೇ ಬೇಕು. ಅಗತ್ಯವಿದ್ದಲ್ಲಿ ಹಗುರವಾದ, ಸದ್ದು ಕಡಿಮೆಯ, ಬ್ಯಾಟರಿಯದ್ದೇ ಇರಲಿ. ಒದ್ದೆ ಕೊಟ್ಟಿಗೆಯಲ್ಲಿ ಕರೆಂಟಿನ ವೈರು ಮಗುವಿಗೂ ದನಕ್ಕೂ ಅಪಾಯ. ಮೊಂಡು ಬ್ಲೇಡು ಕೂದಲನ್ನು ಕತ್ತರಿಸದೆ ಜಗ್ಗುತ್ತದೆ, ಎಣ್ಣೆ ಕಾಣದ್ದು ಕಾದು ಚರ್ಮ ಸುಡುತ್ತದೆ. ಮೊದಲು ದೂರದಲ್ಲಿ ಚಾಲೂ ಮಾಡಿ ಸದ್ದು ಪರಿಚಯಿಸಬೇಕು, ಬ್ಲೇಡಿನ ಬಿಸಿಯನ್ನು ತನ್ನ ಮಣಿಕಟ್ಟಿಗೆ ತಾಗಿಸಿ ನೋಡಬೇಕು, ಭುಜದಿಂದ ಶುರುಮಾಡಬೇಕು. ಕೆಚ್ಚಲು, ಹೊಟ್ಟೆ, ಕಿವಿಗಳ ಕೆಲಸ ದೊಡ್ಡವರಿಗೇ ಇರಲಿ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಹೋರಿ ಬೆದರಿಸುವ ಹಬ್ಬದ ಸೀಮೆಯಲ್ಲಿ ನಿಂತು ದನಕ್ಕೆ ಭಯವಾಗಬಾರದು ಎನ್ನುವುದು ಎಷ್ಟು ಸರಿ? ಪ್ರಾಣಿಗಳಿಗೆ ಭಯದಿಂದ ಮುಕ್ತವಾಗಿರುವ ಹಕ್ಕಿದೆ ಎಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟೇ, ಕಂಬಳ ಮತ್ತು ಎತ್ತಿನ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿಯನ್ನು 2023ರಲ್ಲಿ ಎತ್ತಿಹಿಡಿಯಿತು. ಕಾನೂನು ಒಪ್ಪಿತೆಂದ ಮಾತ್ರಕ್ಕೆ ಧರ್ಮದ ಪ್ರಶ್ನೆ ಮುಗಿಯುವುದಿಲ್ಲ. ಹೋರಿಯನ್ನು ಮನೆಮಗನಂತೆ ಸಾಕುತ್ತೇವೆ ಎಂಬ ಮಾತನ್ನು ನಾನು ನಂಬುತ್ತೇನೆ. ನಂಬುವುದರಿಂದಲೇ, ಆ ಪ್ರೀತಿ ಅಖಾಡದ ಗದ್ದಲವನ್ನೂ ಪ್ರಶ್ನಿಸಬೇಕು ಎನ್ನುತ್ತೇನೆ. ನನ್ನ ವಾದ ಕೊಟ್ಟಿಗೆಯ ಬಾಗಿಲಲ್ಲೇ ನಿಲ್ಲುವಂಥದ್ದಲ್ಲ, ಅದನ್ನು ಒಪ್ಪಿಕೊಂಡೇ ಮಂಡಿಸುತ್ತಿದ್ದೇನೆ. ಹೆದರಿಸಿದರೆ ಮಾತ್ರ ದನ ಮಾತು ಕೇಳುತ್ತದೆ ಎನ್ನುವವರಿಗೆ ಇಷ್ಟು ಹೇಳಬಹುದು: ಹೆದರಿದ ದನ ಒಪ್ಪಿ ನಿಂತದ್ದಲ್ಲ, ಮೂಗುದಾರ ಬಿಗಿದದ್ದರಿಂದ ನಿಂತದ್ದು. ಹಾಗೆ ನಿಂತ ಪ್ರಾಣಿಯ ಪಕ್ಕ ಮಕ್ಕಳನ್ನು ಬಿಡುವುದು ಅಪಾಯ.

ಈ ದೀಪಾವಳಿಗೆ ಮಕ್ಕಳಿಗೆ ಸಾಧನ ಕೊಳ್ಳುವ ಹಿರಿಯರಲ್ಲಿ ಒಂದು ಕೋರಿಕೆ. ಮೆಷಿನ್ ಕೊಳ್ಳುವುದನ್ನು ಮುಂದೂಡಿ, ಮೊದಲು ಒಂದು ಬ್ರಶ್ ತನ್ನಿ. ಮಗು ಹತ್ತಿರ ಬಂದಾಗ ದನ ತಾನಾಗಿ ಕತ್ತು ಚಾಚುವವರೆಗೆ ಅದೊಂದೇ ಸಾಕು.